ಇಟ್ಟಿಗೆ ಎಳೆದು ಕಂಡ ಭೂಕಂಪ

— ಸ್ಯಾನ್ ಆಂಡ್ರಿಯಾಸ್ ಬಿರುಕು ಅಂತೀಯ. ಸುಮಾರು 1300 ಕಿಲೋಮೀಟರ್ ಉದ್ದ ಅಂತೀಯ. ಅದಕ್ಕೆ ನೀನು ಮಾಡಿಟ್ಟಿರುವ ಮಾದರಿ ಒಂದು ಇಟ್ಟಿಗೆ, ಒಂದು ರಬ್ಬರ್ ಬ್ಯಾಂಡು. ಜೀವಮಾನವೆಲ್ಲ ಸೇತುವೆ ಕಟ್ಟಿಸಿದವನು ಕಣೇ ನಾನು. ಯಾವನಾದರೂ ಜೂನಿಯರ್ ಎಂಜಿನಿಯರ್ ಇಂಥ ಡ್ರಾಯಿಂಗ್ ತಂದಿದ್ದರೆ ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದೆ.

— ಕಳಿಸುವ ಮುಂಚೆ ಒಂದು ಸಲ ಎಳೆದು ನೋಡಿ ಮಾವ. ಸ್ಯಾಂಡ್‌ಪೇಪರ್ ಹಾಸಿದ್ದೀನಿ, ಅದರ ಮೇಲೆ ಇಟ್ಟಿಗೆ. ರಬ್ಬರಿಗೆ ಕಟ್ಟಿರುವ ದಾರದ ತುದಿ ಹಿಡಿದು ನಿಧಾನಕ್ಕೆ, ಒಂದೇ ಸಮನೆ ಎಳೆಯಿರಿ. ಜಗ್ಗಬೇಡಿ.

— ಎಳೆದೆ. ಏನೂ ಇಲ್ಲ. ರಬ್ಬರ್ ಉದ್ದ ಆಗ್ತಾ ಇದೆ ಅಷ್ಟೆ.

— ಎಳೀತಾನೇ ಇರಿ.

— ಅರೆ! ಚಂಗನೆ ಮುಂದಕ್ಕೆ ಬಂತಲ್ಲ. ಈಗ ಮತ್ತೆ ಅಲ್ಲಾಡ್ತಿಲ್ಲ.

— ನೀವು ಒಂದೇ ವೇಗದಲ್ಲಿ ಎಳೆದಿರಿ, ಇಟ್ಟಿಗೆ ಒಂದೇ ವೇಗದಲ್ಲಿ ಬರಲಿಲ್ಲ. ಕೂತಿತು, ನೆಗೆಯಿತು, ಮತ್ತೆ ಕೂತಿತು. ನಿಮ್ಮ ಕೈ ಅಂದರೆ ಭೂಫಲಕದ ಚಲನೆ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಅದು ವರ್ಷಕ್ಕೆ 35 ಮಿಲಿಮೀಟರ್ ಆಸುಪಾಸು. ರಬ್ಬರ್ ಅಂದರೆ ಬಿರುಕಿನ ಆಚೀಚೆಯ ಬಂಡೆ. ಸ್ಯಾಂಡ್‌ಪೇಪರ್ ಅಂದರೆ ಬಿರುಕಿನ ಮೈ.

— ಬಂಡೆ ರಬ್ಬರಿನ ಹಾಗೆ ಹಿಗ್ಗುತ್ತಾ?

— ಹಿಗ್ಗೋದಲ್ಲ, ಬಾಗುತ್ತೆ. 1906ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಂಪಿಸಿದಾಗ ಸುಮಾರು 470 ಕಿಲೋಮೀಟರ್ ಉದ್ದಕ್ಕೆ ನೆಲ ಸೀಳಿತು. ಬೇಲಿಗಳು, ರಸ್ತೆಗಳು ಬಿರುಕಿನ ಮೇಲೆ ಕತ್ತರಿಸಿ ಪಕ್ಕಕ್ಕೆ ಸರಿದವು; ಒಂದು ಕಡೆ ರಸ್ತೆಯೇ 6 ಮೀಟರ್ ದೂರ ಹೋಗಿ ನಿಂತಿತ್ತು. ಹ್ಯಾರಿ ಫೀಲ್ಡಿಂಗ್ ರೀಡ್ ಅನ್ನುವವರು ಅಲ್ಲಿನ ಹಳೇ ಸರ್ವೆ ದಾಖಲೆಗಳನ್ನ ಕೂತು ಹೋಲಿಸಿದರು. ಬಿರುಕಿನಿಂದ ದೂರದ ಸರ್ವೆ ಕಲ್ಲುಗಳು ಭೂಕಂಪಕ್ಕೆ ದಶಕಗಳ ಮೊದಲಿಂದಲೇ ಮೆಲ್ಲಗೆ ಸರಿಯುತ್ತಿದ್ದವು, ಬಿರುಕಿನ ಪಕ್ಕದವು ಮಾತ್ರ ಕಚ್ಚಿಕೊಂಡು ನಿಂತಿದ್ದವು ಅನ್ನೋದು ಅದರಿಂದ ಸಿಕ್ಕಿತು. ಕಂಪಿಸಿದ ದಿನ ಪಕ್ಕದವು ಒಂದೇ ಏಟಿಗೆ ಬಾಕಿ ತೀರಿಸಿದವು. 1910ರ ವರದಿಯಲ್ಲಿ ಇದನ್ನ ತೋರಿಸೋಕೆ ರೀಡ್ ಮಾಡಿದ್ದೂ ಒಂದು ಮಾದರಿಯನ್ನೇ. ಎರಡು ಮರದ ತುಂಡಿನ ನಡುವೆ ಗಟ್ಟಿ ಜೆಲ್ಲಿ ಹಾಕಿ, ನಡುವೆ ಕುಯ್ದು, ಮರದ ತುಂಡುಗಳನ್ನ ಜರುಗಿಸಿದರು.

— ಜೆಲ್ಲಿ! ನಿಮ್ಮ ಶಾಸ್ತ್ರದಲ್ಲಿ ಅಡುಗೆಮನೆ ಸಾಮಾನು ಬಿಟ್ಟರೆ ಬೇರೆ ಇಲ್ಲವಾ?

— ಸೇತುವೆಗೆ ಸರ್ವೆ ಮಾಡಿಸಿದವರು ನೀವೇ ಇದನ್ನ ಆಡಿಕೊಂಡರೆ ಹೇಗೆ? ರೀಡ್ ಅವರದು ಪೂರ್ತಿ ಸರ್ವೇಯರ್ ಬುದ್ಧಿ. ಬಿರುಕಿಗೆ ಅಡ್ಡವಾಗಿ ಒಂದು ಸಾಲು ಕಂಬ ನೆಡಿ, ಆಗಾಗ ಅಳೀರಿ, ಮುಂದಿನ ಭೂಕಂಪ ಹತ್ತಿರ ಬಂದಿದ್ದು ಗೊತ್ತಾಗುತ್ತೆ ಅಂದರು.

— ಸರಿಯಾಗೇ ಇದೆಯಲ್ಲ. ರಬ್ಬರ್ ಎಷ್ಟು ಎಳೆದಾಗ ಕಳೆದ ಸಲ ನೆಗೆಯಿತೋ, ಈ ಸಲವೂ ಅಷ್ಟಕ್ಕೇ ನೆಗೆಯಬೇಕು.

— ಇದೇ ಲೆಕ್ಕಾಚಾರಕ್ಕೆ ಒಂದು ಹಳ್ಳಿ ಹೆಸರಾಯಿತು, ಅಲ್ಲಿಗೆ ಬರ್ತೀನಿ. ಮೊದಲು ರಬ್ಬರ್ ಬಿಚ್ಚಿ. ದಾರವನ್ನ ನೇರವಾಗಿ ಇಟ್ಟಿಗೆಗೆ ಕಟ್ಟಿ ಎಳೆಯಿರಿ.

— ಈಗ ನೆಗೆಯುತ್ತಿಲ್ಲ. ಗರಗರ ಅಂತ ಜಾರಿಕೊಂಡು ಬರ್ತಿದೆ.

— ಇಟ್ಟಿಗೆ ಅದೇ, ಸ್ಯಾಂಡ್‌ಪೇಪರ್ ಅದೇ, ಕೈಯೂ ನಿಮ್ಮದೇ. ಬದಲಾಗಿದ್ದು ಸ್ಪ್ರಿಂಗಿನ ಬಿಗಿ ಒಂದೇ. ಜಾರೋಕೆ ಶುರುವಾದಾಗ ಘರ್ಷಣೆ ಇಳಿಯುತ್ತೆ; ಎಳೆಯುವ ಬಲವೂ ಇಳಿಯುತ್ತೆ. ಯಾವುದು ಬೇಗ ಇಳಿಯುತ್ತೆ ಅನ್ನೋದೇ ಪ್ರಶ್ನೆ. ದಾರ ಬಿಗಿಯಾಗಿದ್ದರೆ ಇಟ್ಟಿಗೆ ಕೂದಲೆಳೆ ಸರಿದರೂ ಬಲ ದಬಕ್ಕನೆ ಬೀಳುತ್ತೆ, ನೆಗೆತಕ್ಕೆ ಆಸ್ಪದವಿಲ್ಲ. ರಬ್ಬರ್ ಮೆದು, ಅದರ ಬಲ ನಿಧಾನಕ್ಕೆ ಇಳಿಯುತ್ತೆ. ಅಷ್ಟರಲ್ಲಿ ಘರ್ಷಣೆ ಕುಸಿದಿರುತ್ತೆ, ಉಳಿದ ಬಲವೆಲ್ಲ ವೇಗವಾಗುತ್ತೆ. ಬಿರುಕಿನಲ್ಲಿ ಈ ಬಿಗಿಯನ್ನ ತೀರ್ಮಾನಿಸೋದು ಜಾರುತ್ತಿರುವ ತುಣುಕಿನ ಉದ್ದ. ತುಣುಕು ಚಿಕ್ಕದಾದರೆ ಸುತ್ತಲ ಬಂಡೆ ಬಿಗಿ ಸ್ಪ್ರಿಂಗು, ದೊಡ್ಡದಾದರೆ ಸಡಿಲ ಸ್ಪ್ರಿಂಗು. ಹಾಗಾಗಿ ಭೂಕಂಪ ಅನ್ನಿಸಿಕೊಳ್ಳೋ ಮೊದಲು ಜಾರುವ ತುಣುಕು ಒಂದು ಅಳತೆಗೆ ಬೆಳೆಯಲೇಬೇಕು. ಇದು ನನಗೆ ಈ ಇಟ್ಟಿಗೆಯಿಂದ ಸಿಕ್ಕಿದ್ದು ಮಾವ, ಸೂಪರ್ ಕಂಪ್ಯೂಟರಿನಿಂದಲ್ಲ.

— ಇಟ್ಟಿಗೆಗೆ ಸಲ್ಲೋದು ಗ್ರಾನೈಟಿಗೂ ಸಲ್ಲುತ್ತೆ ಅಂತ ಯಾರು ನೋಡಿದ್ದಾರೆ?

— ಎಂಐಟಿಯಲ್ಲಿ ಬ್ರೇಸ್ ಮತ್ತು ಬೈಯರ್ಲಿ ನೋಡಿದರು. ಭೂಮಿಯೊಳಗಿನಷ್ಟು ಒತ್ತಡ ಹಾಕಿ ಗ್ರಾನೈಟ್ ತುಂಡುಗಳನ್ನ ಒಂದರ ಮೇಲೊಂದು ಜಾರಿಸಿದಾಗ ಅವೂ ಕೂತು ಕೂತು ನೆಗೆದವು. ಹೆಚ್ಚು ಆಳವಲ್ಲದ ಭೂಕಂಪ ಅಂದರೆ ಬರೀ ಬಂಡೆ ಒಡೆಯೋದಲ್ಲ, ಬಿರುಕು ಹೀಗೆ ಕೂತು ಕೂತು ಜಾರೋದೇ ಇರಬಹುದು ಅಂತ 1966ರಲ್ಲಿ ಬರೆದರು. ಮರುವರ್ಷ ಬರಿಡ್ಜ್ ಮತ್ತು ನೋಪಾಫ್ ಇಬ್ಬರೂ ಇಟ್ಟಿಗೆಗಳನ್ನ ಸಾಲಾಗಿ ಜೋಡಿಸಿ, ಒಂದಕ್ಕೊಂದು ಸ್ಪ್ರಿಂಗು ಹಾಕಿ ಎಳೆದರು. ನಾವು ಇವತ್ತಿಗೂ ಆಡುತ್ತಿರೋದು ಅದೇ ಆಟ.

— ಒಂದರ ಬದಲು ಸಾಲು. ಇದರಲ್ಲೇನು ವಿಶೇಷ?

— ಒಂದೇ ಇಟ್ಟಿಗೆಯಾದರೆ ಗಡಿಯಾರದಷ್ಟು ಸಮ. ಎರಡು ಇಟ್ಟಿಗೆ ಜೋಡಿಸಿ, ಒಂದಕ್ಕಿಂತ ಒಂದರ ಘರ್ಷಣೆ ಸ್ವಲ್ಪ ಬೇರೆ ಮಾಡಿ. ಸಾಕು, ತಾಳ ತಪ್ಪಿತು. ಟರ್ಕಾಟ್ ಮತ್ತು ಅವರ ಸಂಗಡಿಗರು 1990ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಅದನ್ನೇ. ಎರಡೇ ಇಟ್ಟಿಗೆಯ ನಡೆ ಕೂಡ ಗೊಂದಲಮಯ ಆಗಬಹುದು. ಶುರುವಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೆ ಮುಂದಿನ ನೆಗೆತಗಳ ಪಟ್ಟಿಯೇ ಬೇರೆ. ಸಮೀಕರಣ ಪೂರ್ತಿ ಗೊತ್ತು, ಅದರಲ್ಲಿ ಅದೃಷ್ಟದ ಪಾತ್ರವೇ ಇಲ್ಲ, ಆದರೂ ದೂರದ ದಿನಾಂಕ ಹೇಳೋಕೆ ಆಗಲ್ಲ. ಭೂಮಿಯೊಳಗಿನದು ನಮಗೆ ಕಾಣದ್ದರಿಂದ ಭವಿಷ್ಯ ಹೇಳಲಾಗುತ್ತಿಲ್ಲ, ಕಂಡಿದ್ದರೆ ಹೇಳಿಬಿಡುತ್ತಿದ್ದೆವು ಅಂತ ಅನೇಕರು ತಿಳಿದಿದ್ದಾರೆ. ಮೇಜಿನ ಮೇಲೆ ಪೂರ್ತಿ ಕಾಣುತ್ತಿರುವ ಎರಡು ಇಟ್ಟಿಗೆ ಆ ಭರವಸೆ ಕೊಡ್ತಿಲ್ಲ.

— ಹಾಗಾದರೆ ಎರಡು, ಮೂರು ಇಟ್ಟಿಗೆಯ ಸಹವಾಸ ಯಾಕೆ? ನಿಜವಾದ ಬಂಡೆ, ನಿಜವಾದ ನೀರು, ಶಾಖ, ಬಿರುಕಿನ ನಿಜವಾದ ಸೊಟ್ಟ, ಎಲ್ಲ ಕಂಪ್ಯೂಟರಿಗೆ ತುಂಬು. ಈಗ ಬೇಕಾದಷ್ಟು ದೊಡ್ಡ ಮಿಷನ್‌ಗಳಿವೆ.

— ತುಂಬುವವರು ತುಂಬುತ್ತಿದ್ದಾರೆ. ತೊಂದರೆ ಏನಂದರೆ, ಎಲ್ಲ ತುಂಬಿದ ಮೇಲೆ ಉತ್ತರ ಬರುತ್ತೆ, ಆದರೆ ಅದು ಯಾವುದರಿಂದ ಬಂತು ಅಂತ ತಿಳಿಯಲ್ಲ. ನೀರಿನಿಂದಲೋ, ಶಾಖದಿಂದಲೋ, ಸೊಟ್ಟದಿಂದಲೋ? ಬರೀ ಇಟ್ಟಿಗೆಗಳಾದರೆ ತಪ್ಪಿಸಿಕೊಳ್ಳೋಕೆ ಜಾಗವಿಲ್ಲ. ಈಗ ಗುಟೆನ್‌ಬರ್ಗ್–ರಿಕ್ಟರ್ ನಿಯಮ ಇದೆಯಲ್ಲ, ತೀವ್ರತೆ ಒಂದು ಅಂಕಿ ಇಳಿದರೆ ಭೂಕಂಪಗಳ ಸಂಖ್ಯೆ ಸುಮಾರು ಹತ್ತು ಪಟ್ಟು ಏರುತ್ತೆ ಅನ್ನೋದು. ಜಗತ್ತಿನಲ್ಲಿ ವರ್ಷಕ್ಕೆ 7ರ ಮೇಲಿನವು ಹದಿನೈದರ ಆಸುಪಾಸು, 6ರ ಮೇಲಿನವು ನೂರು ದಾಟುತ್ತವೆ, 5ರ ಮೇಲಿನವು ಸಾವಿರ ದಾಟುತ್ತವೆ. 1989ರಲ್ಲಿ ಜೀನ್ ಕಾರ್ಲ್‌ಸನ್ ಮತ್ತು ಜೇಮ್ಸ್ ಲ್ಯಾಂಗರ್ ಒಂದೇ ಥರದ ಇಟ್ಟಿಗೆಗಳ ಉದ್ದ ಸಾಲನ್ನ ಕಂಪ್ಯೂಟರಿನಲ್ಲಿ ಎಳೆದರು. ಯಾವ ಇಟ್ಟಿಗೆಯೂ ಇನ್ನೊಂದಕ್ಕಿಂತ ಬೇರೆಯಲ್ಲ. ವೇಗ ಹೆಚ್ಚಿದಷ್ಟೂ ಘರ್ಷಣೆ ಕಡಿಮೆ ಅನ್ನುವ ಒಂದೇ ನಿಯಮ. ಚಿಕ್ಕವು ಬಹಳ, ದೊಡ್ಡವು ವಿರಳ, ಅದೇ ಇಳಿಜಾರಿನ ಗೆರೆ ಬಂತು! ಜೊತೆಗೆ ಆ ಗೆರೆಗೆ ಮೀರಿದ ಕೆಲವು ಮಹಾ ನೆಗೆತಗಳು. ಭೌತಶಾಸ್ತ್ರದವರಿಗೆ ಹಬ್ಬ. ಮರಳಿನ ರಾಶಿ ಜರಿಯೋದು, ಕಾಡ್ಗಿಚ್ಚು, ಭೂಕಂಪ, ಎಲ್ಲ ಒಂದೇ ಕುಟುಂಬ ಅಂತ ಆಗಿನ ಕಾಲದಲ್ಲಿ ದೊಡ್ಡ ಗಾಳಿ ಬೀಸಿತ್ತು.

— ಬಂತಲ್ಲ, ಮತ್ತೇನು? ಮಾದರಿ ಪಾಸು.

— ಹಾರ್ವರ್ಡ್‌ನ ಜೇಮ್ಸ್ ರೈಸ್ ಪಾಸು ಮಾಡಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಜಾಗ ಇದು, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಈಗ ತಾನೇ ಹೇಳಿದೆ, ಜಾರುವ ತುಣುಕು ಒಂದು ಅಳತೆಗೆ ಬೆಳೆದರೆ ಮಾತ್ರ ನೆಗೆತ ಅಂತ. ರೈಸ್ 1993ರಲ್ಲಿ ಕೇಳಿದ್ದು ಇಷ್ಟೆ: ನಿಮ್ಮ ಒಂದೊಂದು ಇಟ್ಟಿಗೆಯೂ ಆ ಅಳತೆಗಿಂತ ದೊಡ್ಡದಿದ್ದರೆ? ಆಗ ಪ್ರತಿ ಇಟ್ಟಿಗೆಯೂ ಪಕ್ಕದವರನ್ನ ಕೇಳದೆ ತಾನೇ ನೆಗೆಯಬಲ್ಲದು. ಚಿಕ್ಕ ಭೂಕಂಪಗಳು ಹುಟ್ಟಿದ್ದು ಭೌತನಿಯಮದಿಂದಲ್ಲ, ಬಿರುಕನ್ನ ಒರಟಾಗಿ ತುಂಡರಿಸಿಟ್ಟಿದ್ದರಿಂದ. ತುಂಡುಗಳನ್ನ ಸಣ್ಣ ಮಾಡ್ತಾ ಹೋದರು. ಆ ಅಳತೆಗಿಂತ ಸಣ್ಣದಾದ ಮೇಲೆ ಚಿಕ್ಕ ಭೂಕಂಪಗಳೆಲ್ಲ ಮಾಯ. ಉಳಿದದ್ದು ಗಡಿಯಾರದಂತೆ ಬರುವ ದೊಡ್ಡ ನೆಗೆತ.

— ಅಂದರೆ ಗ್ರಾಫ್ ಸರಿ, ಕಾರಣ ತಪ್ಪು.

— ಪೂರ್ತಿ ತಪ್ಪೂ ಅಲ್ಲ. ನಿಜವಾದ ಬಿರುಕೂ ನಯವಾಗಿಲ್ಲ, ಅಲ್ಲೂ ತಿರುವು, ಕವಲು, ಗಟ್ಟಿ ಜಾಗ, ಮೆದು ಜಾಗ ಇವೆ. ಇಟ್ಟಿಗೆಯ ಒರಟು ಅದಕ್ಕೆ ಬದಲಿಯಾಗಿ ನಿಂತಿತ್ತು ಅನ್ನಬಹುದು. ಆದರೆ ಅದನ್ನ ತಿಳಿದು ಇಟ್ಟಿದ್ದಲ್ಲ, ಲೆಕ್ಕದ ಅನುಕೂಲಕ್ಕೆ ಇಟ್ಟಿದ್ದು. ಗೆರೆಗೆ ಗೆರೆ ಕೂತುಬಿಟ್ಟರೆ ಕೆಲಸ ಮುಗಿಯಿತು ಅನ್ನುವವರನ್ನ ಕಂಡರೆ ನನಗೆ ಅವತ್ತಿನಿಂದ ಅನುಮಾನ. ರೈಸ್ ಹಿಡಿದದ್ದು ಹೇಗೆ? ಮಾದರಿ ಅಷ್ಟು ಸರಳವಾಗಿದ್ದರಿಂದ. ಸಾವಿರ ಸಾಮಾನು ತುಂಬಿದ್ದರೆ ಈ ಕಳ್ಳ ಸಿಗುತ್ತಲೇ ಇರಲಿಲ್ಲ.

— ಹಳ್ಳಿಯ ವಿಷಯ ಬರ್ತೀನಿ ಅಂದಿದ್ದೆ.

— ಪಾರ್ಕ್‌ಫೀಲ್ಡ್. ಸ್ಯಾನ್ ಆಂಡ್ರಿಯಾಸ್ ಮೇಲೇ ಕೂತಿರುವ ಪುಟ್ಟ ಊರು. ಅಲ್ಲಿನ ಸೇತುವೆ ಬಿರುಕನ್ನ ದಾಟುತ್ತೆ ಮಾವ, ನೀವು ನೋಡಬೇಕು, ನಡುವೆ ಬಾಗಿಹೋಗಿದೆ. ಅಲ್ಲಿ 6ರ ಆಸುಪಾಸಿನ ಭೂಕಂಪ 1857, 1881, 1901, 1922, 1934, 1966ರಲ್ಲಿ ಆಗಿತ್ತು.

— ತಡಿ, ಬರಕೊಳ್ತೀನಿ. ಇಪ್ಪತ್ನಾಲ್ಕು, ಇಪ್ಪತ್ತು, ಇಪ್ಪತ್ತೊಂದು, ಹನ್ನೆರಡು, ಮೂವತ್ತೆರಡು. ಸರಾಸರಿ ಇಪ್ಪತ್ತೆರಡು.

— ಅದನ್ನೇ ಹಿಡಿದು 1985ರಲ್ಲಿ ಬಕುನ್ ಮತ್ತು ಲಿಂಡ್ ಮುಂದಿನದು 1988ರ ಸುಮಾರಿಗೆ, ತಡವಾದರೂ 1993ರೊಳಗೆ ಅಂದರು. ಊರಿನ ಸುತ್ತ ಕಂಪನಮಾಪಕ, ಲೇಸರ್ ಅಳತೆ, ಬಾವಿಯ ನೀರಿನ ಮಟ್ಟ, ಏನೇನಿತ್ತೋ ಎಲ್ಲ ಹೂಡಿ ಕಾದರು.

— ಹನ್ನೆರಡೂ ಮೂವತ್ತೆರಡೂ ಇರುವ ಪಟ್ಟಿಗೆ ಇಪ್ಪತ್ತೆರಡು ಅಂತ ಸರಾಸರಿ ತೆಗೆದು ತಾರೀಕು ಹೇಳಿದರಾ? ನಮ್ಮ ಕಾಂಕ್ರೀಟ್ ಕ್ಯೂಬ್ ಟೆಸ್ಟಿನಲ್ಲಿ ಇಷ್ಟು ಏರುಪೇರು ಬಂದಿದ್ದರೆ ಇಡೀ ಬ್ಯಾಚನ್ನೇ ತಿರಸ್ಕರಿಸುತ್ತಿದ್ದೆ.

— 1934ರದ್ದು ಅವಸರಪಟ್ಟು ಬಂದುಬಿಟ್ಟಿತು, ಮಿಕ್ಕವು ಸರಿಯಾಗಿವೆ ಅಂತ ಅದಕ್ಕೊಂದು ಸಮಜಾಯಿಷಿ ಇತ್ತು. 1988 ಹೋಯಿತು, 1993 ಹೋಯಿತು. ಬಂದದ್ದು 2004ರ ಸೆಪ್ಟೆಂಬರ್ 28ಕ್ಕೆ, ತೀವ್ರತೆ 6.0. ಗಾತ್ರ ಸರಿ, ಜಾಗ ಸರಿ, ಕಾಲ ತಪ್ಪು. 1934, 1966ರಲ್ಲಿ ಸೀಳು ಉತ್ತರದಿಂದ ದಕ್ಷಿಣಕ್ಕೆ ಓಡಿತ್ತು, ಈ ಸಲ ದಕ್ಷಿಣದಿಂದ ಉತ್ತರಕ್ಕೆ. ಅಷ್ಟೊಂದು ಉಪಕರಣಗಳ ನಡುವೆಯೂ ಎಚ್ಚರಿಕೆ ಅನ್ನಬಹುದಾದ ಮುನ್ಸೂಚನೆ ಕಾಣಲಿಲ್ಲ. ಅದಕ್ಕೂ ಮೊದಲೇ, 2002ರಲ್ಲಿ, ಜೆಸಿಕಾ ಮರ್ರಿ ಮತ್ತು ಪಾಲ್ ಸೆಗಾಲ್ ಮೂಲಕ್ಕೇ ಕೊಡಲಿ ಹಾಕಿದ್ದರು. 1966ರಲ್ಲಿ ಎಷ್ಟು ಬಿಗಿತ ಬಿಡುಗಡೆಯಾಗಿತ್ತೋ ಅಷ್ಟೂ 1973ರಿಂದ 1987ರ ನಡುವೆಯೇ ಮತ್ತೆ ತುಂಬಿತ್ತು ಅಂತ ನೆಲದ ಅಳತೆಗಳಿಂದ ತೋರಿಸಿದರು. ಕಳೆದ ಸಲ ನೆಗೆದಷ್ಟಕ್ಕೇ ಈ ಸಲವೂ ನೆಗೆಯಬೇಕು ಅಂದಿರಲ್ಲ, ಆ ಲೆಕ್ಕ ಅಲ್ಲಿ ನಿಲ್ಲಲಿಲ್ಲ.

— ಸರಿ, ಒಂಟಿ ಇಟ್ಟಿಗೆ ಸೋತಿತು. ಆದರೆ ನನಗೆ ಇನ್ನೊಂದು ಚುಚ್ಚುತ್ತಿದೆ. ನಮ್ಮ ಪುಸ್ತಕದಲ್ಲಿ ಘರ್ಷಣೆಗೆ ಎರಡೇ ಅಂಕಿ: ನಿಂತಾಗ ಇಷ್ಟು, ಜಾರುವಾಗ ಅಷ್ಟು. ಜಾರಿ ನಿಂತ ಮೇಲೆ ಬಿರುಕಿಗೆ ಹಿಡಿತ ವಾಪಸ್ ಬರೋದು ಹೇಗೆ?

— ಇದನ್ನ ಕೇಳಿದಿರಲ್ಲ, ಮಾವ! ಅಲ್ಲೇ ಎರಡಂಕಿಯ ಪುಸ್ತಕ ಸಾಲದೇ ಹೋಯಿತು. ನಿಂತಷ್ಟೂ ಹಿಡಿತ ಬಲಿಯುತ್ತೆ ಅನ್ನೋದನ್ನ ಹದಿನೆಂಟನೇ ಶತಮಾನದಲ್ಲೇ ಕುಲಾಂ ಮರದ ತುಂಡುಗಳಲ್ಲಿ ಕಂಡಿದ್ದರು. ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆಯಲ್ಲಿ ಜೇಮ್ಸ್ ಡೀಟರಿಕ್ 1970ರ ದಶಕದಲ್ಲಿ ಬಂಡೆಗಳನ್ನ ಜಾರಿಸಿ, ನಿಲ್ಲಿಸಿ, ಮತ್ತೆ ಜಾರಿಸಿ ಅಳೆದರು. ನಿಲ್ಲಿಸುವ ಹೊತ್ತನ್ನ ಹತ್ತು ಪಟ್ಟು ಹೆಚ್ಚಿಸಿದರೆ ಹಿಡಿತ ಒಂದು ಮೆಟ್ಟಿಲು ಏರುತ್ತೆ. ಒಂದು ಸೆಕೆಂಡಿನಿಂದ ಹತ್ತಕ್ಕೆ ಎಷ್ಟೋ, ಹತ್ತು ದಿನದಿಂದ ನೂರಕ್ಕೂ ಅಷ್ಟೇ.

— ನಮ್ಮ ಇಲಾಖೆಯ ಕಡತದ ಹಾಗೆ. ಮೇಜಿನ ಮೇಲೆ ಎಷ್ಟು ದಿನ ಕೂತಿರುತ್ತೋ ಅಷ್ಟು ಭದ್ರ.

— ಕಡತಕ್ಕೆ ಯಾಕೆ ಹಾಗಾಗುತ್ತೆ ನಿಮಗೆ ಗೊತ್ತು, ಬಂಡೆಗೆ ಯಾಕೆ ಅನ್ನೋದನ್ನ ಅವರು ಕಣ್ಣಾರೆ ನೋಡಿದರು. ಎರಡು ಬಂಡೆ ಒಂದರ ಮೇಲೊಂದು ಕೂತರೂ ನಿಜವಾಗಿ ಮುಟ್ಟೋದು ಅಲ್ಲೊಂದು ಇಲ್ಲೊಂದು ಸಣ್ಣ ಉಬ್ಬು. ಡೀಟರಿಕ್ ಮತ್ತು ಕಿಲ್ಗೋರ್ ಪಾರದರ್ಶಕ ಅಕ್ರಿಲಿಕ್ ತುಂಡುಗಳನ್ನ ಒತ್ತಿ, ಕೆಳಗಿನಿಂದ ಬೆಳಕು ಹಾಯಿಸಿ, ಸೂಕ್ಷ್ಮದರ್ಶಕದಲ್ಲಿ ಹಿಡಿದರು. ಮುಟ್ಟಿದ ಜಾಗದಲ್ಲಿ ಮಾತ್ರ ಬೆಳಕು ದಾಟುತ್ತೆ. ಸುಮ್ಮನೆ ಬಿಟ್ಟರೆ ಆ ಬೆಳಕಿನ ಚುಕ್ಕೆಗಳು ಹೊತ್ತು ಕಳೆದಂತೆ ದಪ್ಪ ಆಗುತ್ತವೆ. ಜಾರಿಸಿದರೆ ಹಳೇ ಚುಕ್ಕೆ ಸತ್ತು ಹೊಸವು ಹುಟ್ಟುತ್ತವೆ, ಹೊಸವು ಎಳಸು, ಹಿಡಿತ ಕಡಿಮೆ. ಒಂದು ತಲೆಮಾರಿನ ಚುಕ್ಕೆಗಳು ಪೂರ್ತಿ ಹೋಗಿ ಇನ್ನೊಂದು ಬರೋಕೆ ಪ್ರಯೋಗಾಲಯದಲ್ಲಿ ಕೆಲವೇ ಮೈಕ್ರಾನ್‌ಗಳಿಂದ ಹತ್ತಾರು ಮೈಕ್ರಾನ್ ಜಾರಿದರೆ ಸಾಕು. ಆಂಡಿ ರುಯಿನಾ ಇದನ್ನ 1983ರಲ್ಲಿ ಅಚ್ಚುಕಟ್ಟಾಗಿ ಗಣಿತಕ್ಕೆ ಇಳಿಸಿದರು. ಅದರಲ್ಲಿ ಎರಡು ಪುಟ್ಟ ಅಂಕಿಗಳಿವೆ, ಎ ಮತ್ತು ಬಿ, ಎರಡೂ 0.01ರ ಆಸುಪಾಸು. ವೇಗ ಹೆಚ್ಚಿಸಿದ ತಕ್ಷಣ ಘರ್ಷಣೆ ಏರೋದು ಎ. ಚುಕ್ಕೆಗಳು ಎಳಸಾದ ಮೇಲೆ ಇಳಿಯೋದು ಬಿ. ಬಿ ದೊಡ್ಡದಾದರೆ ಬಿರುಕು ನೆಗೆಯಬಲ್ಲದು. ಎ ದೊಡ್ಡದಾದರೆ ಸ್ಪ್ರಿಂಗು ಎಷ್ಟೇ ಸಡಿಲವಿರಲಿ, ಬರೀ ತೆವಳುತ್ತೆ.

— ತೆವಳುವ ಬಿರುಕು ನಿಜವಾಗಿ ಇದೆಯಾ, ಕಾಗದದ ಮೇಲೆ ಮಾತ್ರವಾ?

— ಪಾರ್ಕ್‌ಫೀಲ್ಡಿನಿಂದ ವಾಯವ್ಯಕ್ಕೆ ಅದೇ ಸ್ಯಾನ್ ಆಂಡ್ರಿಯಾಸ್ ತೆವಳುತ್ತೆ. ಹಾಲಿಸ್ಟರ್ ಪಟ್ಟಣದಲ್ಲಿ ಅದರದೇ ಒಂದು ಕವಲು ಮನೆಗಳ ನಡುವೆ ಹಾಯುತ್ತೆ. ಫುಟ್‌ಪಾತಿನ ಅಂಚುಕಲ್ಲು, ಕಾಂಪೌಂಡ್ ಗೋಡೆಗಳು ಸೊಂಟ ತಿರುಗಿಸಿ ನಿಂತಿವೆ. ದೊಡ್ಡ ಭೂಕಂಪದಿಂದಲ್ಲ, ಮೆಲ್ಲಗೆ ತೆವಳಿ ತೆವಳಿ ಬಾಗಿದ್ದು. ಪಾರ್ಕ್‌ಫೀಲ್ಡ್ ಹತ್ತಿರ ಸುಮಾರು 3 ಕಿಲೋಮೀಟರ್ ಆಳಕ್ಕೆ ಬಿರುಕಿನವರೆಗೆ ಕೊರೆದು ತೆಗೆದ ಮಾದರಿಯಲ್ಲಿ ಸಾಪೊನೈಟ್ ಅನ್ನುವ ಜಾರುಮಣ್ಣು ಸಿಕ್ಕಿತು. ಅದರ ಘರ್ಷಣೆ ಸಾಮಾನ್ಯ ಬಂಡೆಯದಕ್ಕಿಂತ ತೀರಾ ಕಡಿಮೆ, ಗುಣವೋ ತೆವಳುವ ಗುಣ. ಇನ್ನೊಂದು ಕೇಳಿ. ಸ್ಯಾನ್ ಆಂಡ್ರಿಯಾಸ್ ಭೂಕಂಪಗಳು ಸುಮಾರು 15 ಕಿಲೋಮೀಟರಿಗಿಂತ ಕೆಳಗೆ ಯಾಕೆ ಹುಟ್ಟಲ್ಲ? ಆಳ ಹೋದಂತೆ ಬಿಸಿ. ಬಿಸಿ ಗ್ರಾನೈಟಿನಲ್ಲಿ ಎ ಗೆಲ್ಲುತ್ತೆ ಅಂತ ಪ್ರಯೋಗಾಲಯ ಹೇಳಿತ್ತು. 1986ರಲ್ಲಿ ಟ್ಸೆ ಮತ್ತು ರೈಸ್ ಆ ಅಂಕಿಗಳನ್ನ ಮಾದರಿಗೆ ಹಾಕಿದರು. ಭೂಕಂಪ ತಾನಾಗೇ ಆ ಆಳದಲ್ಲಿ ನಿಂತಿತು, ಕೆಳಗೆ ಮೆಲ್ಲಗೆ ತೆವಳಿತು. ಯಾರೂ ಗೆರೆ ಎಳೆದು ಇಲ್ಲಿ ನಿಲ್ಲು ಅನ್ನಲಿಲ್ಲ.

— ಇದು ಒಪ್ಪಿದೆ. ಒಂದು ಕಡೆ ಅಳೆದು ಇನ್ನೊಂದು ಕಡೆ ಕಾಣೋದು. ಆದರೆ ಎ ದೊಡ್ಡದಿದ್ದ ಕಡೆ ಭಯವಿಲ್ಲ ಅಂತಾಯಿತಲ್ಲ?

— ಜಪಾನಿನ ಕಂದಕದ ಬಗ್ಗೆ ಬಹಳ ಜನ ಹಾಗೇ ಅಂದುಕೊಂಡಿದ್ದರು. ಕಂದಕದ ಹತ್ತಿರ, ಸಮುದ್ರ ತಳದ ಮೇಲ್ಪದರದಲ್ಲಿ ಮೆತ್ತನೆ ಜೇಡಿ, ಅದು ನೆಗೆಯಲ್ಲ, ಕೆಳಗಿಂದ ಬಂದ ಸೀಳನ್ನೂ ತಡೆಯುತ್ತೆ ಅಂತ. 2011ರ ಮಾರ್ಚ್ 11ರ ತೊಹೊಕು ಭೂಕಂಪದಲ್ಲಿ ಆ ಜಾಗವೇ ಸುಮಾರು 50 ಮೀಟರ್ ಜಾರಿತು. ಸುನಾಮಿ ಅಷ್ಟು ಎತ್ತರ ಎದ್ದಿದ್ದಕ್ಕೆ ಅದು ಮುಖ್ಯ ಕಾರಣ. ಮರುವರ್ಷ ಚಿಕ್ಯು ಹಡಗಿನಿಂದ 6900 ಮೀಟರ್ ನೀರಿನ ತಳದಲ್ಲಿ, ಅಲ್ಲಿಂದಲೂ 800 ಮೀಟರಿಗಿಂತ ಕೆಳಗೆ ಕೊರೆದು, ಬಿರುಕಿಗೆ ಅಡ್ಡಲಾಗಿ ಥರ್ಮಾಮೀಟರ್‌ಗಳ ಸರವನ್ನೇ ಇಳಿಬಿಟ್ಟರು. ಸುತ್ತಲಿಗಿಂತ ಅಲ್ಲಿ 0.31 ಡಿಗ್ರಿ ಹೆಚ್ಚು. ಜಾರಿದಾಗ ಹುಟ್ಟಿದ ಶಾಖದ ಉಳಿಕೆ ಅದು. ಆ ಒಂದು ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಜಾರುವಾಗ ಘರ್ಷಣೆ 0.08ರಷ್ಟೇ ಇತ್ತು. ಬೈಯರ್ಲಿ ಅಳೆದ ಸಾಮಾನ್ಯ ಬಂಡೆಗಳದು 0.6ರಿಂದ 0.85.

— ಅಷ್ಟು ಇಳಿಯೋದು ಹೇಗೆ? ಎ ಗೆದ್ದ ಕಡೆ ಘರ್ಷಣೆ ಏರಬೇಕಿತ್ತು.

— ನಿಧಾನವಾಗಿ ಜಾರಿಸಿದಾಗ ಅಳೆದ ಎ ಅದು. ಸೆಕೆಂಡಿಗೆ ಮೀಟರ್ ವೇಗದಲ್ಲಿ ಜಾರಿದಾಗ ಒಳಗಿನ ನೀರು ಕಾದು, ಹಿಗ್ಗಿ, ಹೊರಗೆ ಹೋಗೋಕೆ ದಾರಿಯಿಲ್ಲದೆ ಬಿರುಕನ್ನೇ ಒಳಗಿಂದ ಎತ್ತಿ ಹಿಡಿಯುತ್ತೆ. ಇಟ್ಟಿಗೆಗೆ ಅದು ಗೊತ್ತಿಲ್ಲ. ನೋಡಾ ಮತ್ತು ಲಪುಸ್ತಾ 2013ರಲ್ಲಿ ಈ ಒಂದನ್ನೇ ಸೇರಿಸಿದರು, ಬೇರೇನೂ ಮುಟ್ಟಲಿಲ್ಲ. ಶತಮಾನಗಳ ಕಾಲ ತೆವಳುತ್ತಿದ್ದ ತುಣುಕು ಪಕ್ಕದಿಂದ ಬಿರುಸಿನ ಸೀಳು ನುಗ್ಗಿದಾಗ ತಾನೂ ನೆಗೆಯಬಲ್ಲದು ಅಂತ ಬಂತು. ಒಂದೊಂದೇ ಸೇರಿಸಿದ್ದರಿಂದ ಕಾರಣ ಇಂಥದ್ದೇ ಅಂತ ಬೊಟ್ಟು ಮಾಡೋಕಾಯಿತು.

— ಇದೆಲ್ಲ ಕ್ಯಾಲಿಫೋರ್ನಿಯಾ, ಜಪಾನ್. ನೀನು ಹಿಮಾಲಯದ ಮೇಲೆ ಕೆಲಸ ಮಾಡೋದಲ್ಲವಾ?

— ಅಲ್ಲಿ ನಮ್ಮ ಕೈ ಬೆಂಗಳೂರಿನಲ್ಲಿದೆ ಅನ್ನಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಒಂದು ಜಿಪಿಎಸ್ ಕೇಂದ್ರವಿದೆ. ಭಾರತದ ಫಲಕ ಎಷ್ಟು ಸರಿಯುತ್ತಿದೆ ಅನ್ನೋಕೆ ಜಗತ್ತಿನ ಸಂಶೋಧಕರು ದಶಕಗಳಿಂದ ನೋಡುವ ಗುರುತುಗಳಲ್ಲಿ ಅದೂ ಒಂದು. ಅಂಥ ಗುರುತುಗಳನ್ನೂ ಟಿಬೆಟ್ ಅಂಚಿನವನ್ನೂ ಹೋಲಿಸಿದರೆ ಹಿಮಾಲಯದ ಅಡಿಯಲ್ಲಿ ವರ್ಷಕ್ಕೆ ಸುಮಾರು 20 ಮಿಲಿಮೀಟರ್ ಸೇರಿಕೊಳ್ಳುತ್ತಿದೆ. 500 ವರ್ಷ ದೊಡ್ಡದು ಬಾರದ ತುಣುಕಿದ್ದರೆ 10 ಮೀಟರ್ ಬಾಕಿ.

— ಇದು ರೀಡ್ ಲೆಕ್ಕವೇ. ಒಂಟಿ ಇಟ್ಟಿಗೆ!

— ಬಾಕಿ ಎಷ್ಟು ಅನ್ನೋಕೆ ಒಂಟಿ ಇಟ್ಟಿಗೆ ಸಾಕು, ಎಂದು ಮತ್ತು ಹೇಗೆ ತೀರುತ್ತೆ ಅನ್ನೋಕೆ ಸಾಲದು. 2015ರಲ್ಲಿ ನೇಪಾಳದಲ್ಲಿ 7.8 ಆಯಿತಲ್ಲ, ಸೀಳು ಆಳದಲ್ಲೇ ನಿಂತುಬಿಟ್ಟಿತು, ಮೇಲ್ಮೈ ಮುಟ್ಟಲಿಲ್ಲ. 1934ರ ಬಿಹಾರ–ನೇಪಾಳದ್ದು ಮೇಲ್ಮೈವರೆಗೂ ಸೀಳಿತ್ತು. ಒಂದೇ ಬಿರುಕು, ಎರಡು ಥರ.

— ಅಲ್ಲ, ನನಗೆ ಎಂದು ಅನ್ನೋದು ಬೇಕಾಗೇ ಇರಲಿಲ್ಲ ಕಣೇ. ಸೇತುವೆ ಡಿಸೈನಿಗೆ ಐಎಸ್ 1893 ಭೂಕಂಪ ಸಂಹಿತೆ ತೆಗೆದು ವಲಯ ನೋಡುತ್ತಿದ್ದೆ, ಅಲ್ಲಿನ ಅಂಕಿ ಹಾಕಿ ಗುಣಿಸುತ್ತಿದ್ದೆ. ಇವತ್ತು ಬರಲಿ, ಇನ್ನೂರು ವರ್ಷಕ್ಕೆ ಬರಲಿ, ಕಂಬ ನಿಲ್ಲಬೇಕು. ಆ ಅಂಕಿಗೆ ನಿನ್ನ ಇಟ್ಟಿಗೆಯಿಂದ ಏನಾದರೂ ಪ್ರಯೋಜನ?

— ಕ್ಯಾಲಿಫೋರ್ನಿಯಾದಲ್ಲಿ ಆಗಿದೆ. ಡೀಟರಿಕ್ ಮತ್ತು ಅವರ ಜೊತೆಗಾರರು ಅಲ್ಲಿನ ಬಿರುಕುಗಳನ್ನೆಲ್ಲ ತುಂಡು ತುಂಡಾಗಿ ಜೋಡಿಸಿ, ಎ ಮತ್ತು ಬಿ ಕೊಟ್ಟು, ಕಂಪ್ಯೂಟರಿನಲ್ಲಿ ಲಕ್ಷಾಂತರ ವರ್ಷ ಓಡಿಸುವ ವ್ಯವಸ್ಥೆ ಕಟ್ಟಿದರು. ಅದರಲ್ಲಿ ಹುಟ್ಟಿದ ಭೂಕಂಪಗಳಿಂದ ನೆಲ ಎಷ್ಟು ಅದುರುತ್ತೆ ಅಂತ ತೆಗೆದರೆ, ಅಂಕಿಅಂಶಗಳನ್ನ ಪೇರಿಸಿ ಮಾಡಿದ ಅಲ್ಲಿನ ಅಧಿಕೃತ ಅಂದಾಜಿಗೆ ಬಹುಪಾಲು ಹೊಂದಿತು. 2018ರಲ್ಲಿ ಅದು ಪ್ರಕಟವಾಯಿತು. ಗೆರೆಗೆ ಗೆರೆ ಕೂತಿದೆ ಅಂತ ನಾನು ಕುಣಿಯಲ್ಲ. ಆದರೂ ತೀರಾ ಬೇರೆ ಎರಡು ದಾರಿ ಒಂದೇ ಊರಿಗೆ ಬಂದಿವೆ.

— ಹಿಮಾಲಯಕ್ಕೆ ಎ, ಬಿ ಎಲ್ಲಿಂದ ತಂದೆ? ಕೊರೆದಿದ್ದಾರಾ?

— ಕೊಯ್ನಾದಲ್ಲಿ 3 ಕಿಲೋಮೀಟರ್ ಕೊರೆದಿದ್ದಾರೆ, ಅದು ಜಲಾಶಯದ ಪಕ್ಕದ ಬೇರೆಯೇ ಥರದ ಬಿರುಕು. ಹಿಮಾಲಯದಡಿಯ ಮುಖ್ಯ ಬಿರುಕು ಹತ್ತು ಹದಿನೈದು ಕಿಲೋಮೀಟರ್ ಆಳದಲ್ಲಿದೆ, ಅಲ್ಲಿಗೆ ಯಾವ ಡ್ರಿಲ್ಲೂ ಹೋಗಿಲ್ಲ. ಹಾಗಾಗಿ ಒಂದೇ ಅಂಕಿ ಹಿಡಿಯಲ್ಲ. ಒಂದಷ್ಟು ಜೊತೆಗಳನ್ನ ಹಾಕಿ ಓಡಿಸ್ತೀನಿ. 2015ರ ಥರದ್ದೂ 1934ರ ಥರದ್ದೂ ಎರಡೂ ಬಾರದ ಜೊತೆಗಳನ್ನ ಎತ್ತಿ ಎಸೀತೀನಿ.

— ಉಳಿದವು?

— ಉಳಿದವೆಲ್ಲ ಸದ್ಯಕ್ಕೆ ಸರಿಸಮ.

— ಅದರಲ್ಲಿ ಅತಿ ಕೆಟ್ಟದಾಗಿ ಅದುರಿಸುವುದು ಯಾವುದೋ ಅದನ್ನ ಕೊಡು. ಸೇತುವೆ ಅದಕ್ಕೇ ಕಟ್ಟಬೇಕು.

— ಅತಿ ಕೆಟ್ಟದ್ದಕ್ಕೆ ಎಸ್ಟಿಮೇಟ್ ಹಾಕಿದರೆ ಯಾರು ಮಂಜೂರು ಮಾಡ್ತಾರೆ ಮಾವ?

— ಅದು ನಮ್ಮವರ ತಲೆನೋವು. ನೀನು ಅಂಕಿ ಕೊಡು.